ನಮ್ಮ ಇಳಿಜಾರಿನ ಬಗ್ಗೆ, ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಇಲ್ಲಿ ನಿಮ್ಮಮ್ಮನೂ ಸೇರಿದಂತೆ ಎಲ್ಲರೂ ಕ್ಷೇಮ. ಆರಿದ್ರೆಯಲ್ಲಿ ಹಿಡಿದ ಮಳೆ ಪುಷ್ಯ ಕಳೆಯುವವರೆಗೂ ಹೊಳವಾಗಲಿಲ್ಲ. ಚೌತಿ ಮುಗಿದ ಮೇಲೆ ನಾಲ್ಕು ದಿನಗಳಿಂದ ಬಿಸಿಲಿನ ಮುಖ ಕಾಣುತ್ತಿದೆ. ನೀನು ಕಳುಹಿಸಿದ ವಿಡಿಯೊಗಳನ್ನೆಲ್ಲ ನೋಡಿದೆ. ವ್ಯಾಂಕೂವರಿನ ಉತ್ತರಕ್ಕಿರುವ ಫ್ರೋಮ್ ಬೆಟ್ಟದಲ್ಲಿ ಸೀಡರ್ ಮರಗಳ ನಡುವೆ ನೀನು ಸೈಕಲ್ ಇಳಿಸುವುದು ಚೆಂದವೇ. ಆದರೆ ರಜೆಯ ದಿನ ಬೆಳಗ್ಗೆ ಎದ್ದು, ಕೊಳೆತೆಲೆಯ ಪದರವನ್ನು ಕೆರೆದು, ಅಡಿಯ ಗಟ್ಟಿ ಮಣ್ಣನ್ನು ಬಕೆಟ್ಟಿನಲ್ಲಿ ಹೊತ್ತು ಅದೇ ದಾರಿಯನ್ನು ನೀವೆಲ್ಲ ರಿಪೇರಿ ಮಾಡುವ ವಿಡಿಯೊವನ್ನು ನಾನು ಹೆಚ್ಚು ಸಲ ನೋಡಿದ್ದೇನೆ. ಯಾಕೆಂದು ಹೇಳುವುದಕ್ಕಾಗಿಯೇ ಈ ಪತ್ರ.

ಫೋನಿನಲ್ಲಿ ಮುಗಿಸಬಹುದಾಗಿದ್ದ ಮಾತನ್ನು ಹೀಗೆ ಹತ್ತು ಜನ ಓದುವ ಕಡೆ ಬರೆಯುತ್ತಿರುವುದಕ್ಕೆ ನೀನು ಬೇಸರ ಮಾಡಿಕೊಳ್ಳಬಾರದು. ನಮ್ಮ ಇಳಿಜಾರಿನಲ್ಲಿ ಸೈಕಲ್ ಓಡಿಸಿದವರಲ್ಲಿ ಹಲವರು ಇದನ್ನು ಓದುತ್ತಾರೆ, ಅವರೂ ಓದಬೇಕು.

2012ರ ಬೇಸಿಗೆ ನಿನಗೆ ನೆನಪಿರುತ್ತದೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗಡಿಯೊಳಗೆ ಚಕ್ರ ಇಡಬಾರದೆಂಬ ತಿಳಿವಳಿಕೆ ನಮಗಿತ್ತು. ಆದ್ದರಿಂದಲೇ ಸಂಸೆಯ ಕಡೆಗಿರುವ ನಿಮ್ಮ ತೋಟದ ನೆತ್ತಿಯ ಮೇಲಿನ ಬೋಳುಗುಡ್ಡವನ್ನು ನಮ್ಮ ಸೈಕಲ್ ದಾರಿಗೆ ಆರಿಸಿಕೊಂಡೆವು. ಒಂದು ಹಾರೆ, ಎರಡು ಕತ್ತಿ, ನಿಮ್ಮಮ್ಮ ಕಟ್ಟಿಕೊಟ್ಟ ಕಡುಬು, ಹನ್ನೊಂದು ದಿನದ ಕೆಲಸ. ಹುಲ್ಲುಗಾವಲಿನ ನೆತ್ತಿಯಿಂದ ನೇರವಾಗಿ ಇಳಿದು, ಶೋಲಾ ಕಾಡಿನ ಅಂಚನ್ನು ಸವರಿಕೊಂಡು, ಸಿಲ್ವರ್ ಮರಗಳ ಸಾಲಿನಲ್ಲಿ ನುಗ್ಗಿ, ಕಾಫಿ ಗಿಡಗಳ ನಡುವೆ ಹ್ಯಾಂಡಲ್ ತಾಗದಂತೆ ಮೈ ಕುಗ್ಗಿಸಿ ಕಣದವರೆಗೆ ಬಂದು ನಿಂತರೆ, ಎದೆ ಹೊಡೆದುಕೊಳ್ಳುವ ಸದ್ದು ಹೆಲ್ಮೆಟ್ಟಿನೊಳಗೆ ಕೇಳಿಸುತ್ತಿತ್ತು. ಅಷ್ಟು ಸಂತೋಷವನ್ನು ಆ ಮೇಲೆ ನಾನು ಬೇರೆಲ್ಲೂ ಕಂಡಿಲ್ಲ, ಈಗಲೂ ಹಾಗೆಂದೇ ಹೇಳುತ್ತೇನೆ.

ಈ ಆಷಾಢದಲ್ಲಿ ನಿಮ್ಮ ಮನೆಗೆ ಹೋಗಿದ್ದೆ. ಹಿತ್ತಲಿನ ತೊಟ್ಟಿಗೆ ಗುಡ್ಡದ ಒರತೆಯಿಂದ ಪೈಪಿನಲ್ಲಿ ಇಳಿಯುವ ಅಬ್ಬಿ ನೀರಿನ ಬಾಯಿಗೆ ನಿಮ್ಮಮ್ಮ ಹಳೆಯ ಪಂಚೆಯ ತುಂಡೊಂದನ್ನು ನಾಲ್ಕು ಮಡಿಕೆ ಮಾಡಿ ಕಟ್ಟಿದ್ದರು. ಅದನ್ನು ಬಿಚ್ಚಿ ನನ್ನೆದುರು ಹಿಂಡಿದರು. ಅಂಗೈಯಲ್ಲಿ ಕುಂಕುಮ ಕಲಸಿದ ಹಾಗೆ ಕೆಂಪು ಮಣ್ಣು ನಿಂತಿತು, ನುಣ್ಣಗೆ, ನಡುವೆ ಒಂದೆರಡು ಹುಲ್ಲಿನ ಬೇರು. "ಮೂರು ಮಳೆಗಾಲದಿಂದ ಇದೇ ಆಗಿದೆ ಮಾರಾಯ, ಸೋಸಿ ಸೋಸಿ ಸಾಕಾಯ್ತು" ಎಂದರು. ನಾನು ಯೋಚನೆಯನ್ನೇ ಮಾಡದೆ, ಇದು ಪ್ರವಾಸಿಗರನ್ನು ಗುಡ್ಡ ಹತ್ತಿಸುವ ಜೀಪುಗಳ ಕೆಲಸ ಎಂದುಬಿಟ್ಟೆ. ಅಷ್ಟೇ ಅಲ್ಲ, ಜೀಪುಗಳು ಹುಲ್ಲುಗಾವಲನ್ನು ಹೇಗೆ ಸೀಳುತ್ತವೆ ಎಂದು ಎರಡು ಪುಟ ಬರೆದು ಎಲ್ಲರೊಡನೆ ಹಂಚಿಕೊಂಡೆ. ನಿಮ್ಮಮ್ಮ ನನ್ನ ಮಾತನ್ನು ನಂಬಿದರು. ಮರುವಾರ ರಸ್ತೆಯಲ್ಲಿ ಸಿಕ್ಕಿದ ಜೀಪಿನ ಹುಡುಗನನ್ನು ನಿಲ್ಲಿಸಿ ಬೈದರಂತೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡು ಹೋದನಂತೆ.

ಜುಲೈ ಎರಡನೆಯ ವಾರ, ಮಳೆ ಹೊಡೆಯುತ್ತಿರುವಾಗಲೇ, ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ನಾನೊಬ್ಬನೇ ಮೇಲಕ್ಕೆ ಹತ್ತಿದೆ. ಇಂಬಳಗಳ ಲೆಕ್ಕ ಬಿಟ್ಟೆ. ಜೀಪು ದಾರಿಯ ನೀರು ಗುಡ್ಡದ ಸಾಲಿನ ಆಚೆ ಬದಿಗೆ, ಬೇರೆಯೇ ಕಣಿವೆಗೆ ಇಳಿಯುತ್ತಿತ್ತು. ಒರತೆಯ ಕಡೆಗೆ ಅದರ ಒಂದು ಹನಿಯೂ ಬರುವಂತಿರಲಿಲ್ಲ. ಒರತೆಯ ತಗ್ಗಿಗೆ ಕೆಂಪಾಗಿ ಸುರಿಯುತ್ತಿದ್ದದ್ದು ನಮ್ಮ ದಾರಿಯ ನೀರು. ನಾವು ಒಂದು ಗೇಣು ಅಗಲ ಕೆತ್ತಿದ್ದ ಗೆರೆ ಈಗ ಕೊರಕಲಾಗಿದೆ. ಮಳೆ ನಿಂತ ಮೇಲೆ ಸೈಕಲ್ ಒಯ್ದು ಅದರಲ್ಲಿ ನಿಲ್ಲಿಸಿ ನೋಡಿದೆ; ಇಪ್ಪತ್ತೊಂಬತ್ತು ಇಂಚಿನ ಚಕ್ರ ಅಚ್ಚಿನವರೆಗೂ ಮುಳುಗಿತು. ಕೊರಕಲಿನಲ್ಲಿ ಓಡಿಸಲಾಗದೆ ಸವಾರರು ಪಕ್ಕಕ್ಕೆ ಸರಿದು ಎರಡನೆಯ ಗೆರೆ ಹಾಕಿದ್ದಾರೆ, ಅದೂ ಕುಸಿದ ಮೇಲೆ ಮೂರನೆಯದು. ಅಡಿಯಿಂದ ನೋಡಿದರೆ ಗುಡ್ಡದ ಮೈಮೇಲೆ ಉಗುರಿನಿಂದ ಪರಚಿದ ಗಾಯದಂತೆ ಕಾಣುತ್ತದೆ.

ತಪ್ಪು ಎಲ್ಲಾಯಿತು ಎಂದು ಕುಳಿತು ಲೆಕ್ಕ ಹಾಕಿದೆ. ನಿಮ್ಮ ಕಡೆ ದಾರಿ ಕಡಿಯುವವರಿಗೆ ಮೊದಲು ಕಲಿಸುವ ಪಾಠ ಇದೇ ಅಲ್ಲವೇ: ಗುಡ್ಡದ ಓರೆ ನೂರಕ್ಕೆ ನಲವತ್ತು ಇದ್ದರೆ ದಾರಿಯ ಇಳಿಜಾರು ಇಪ್ಪತ್ತನ್ನು ಮೀರಬಾರದು, ಇಡೀ ದಾರಿಯ ಸರಾಸರಿ ಹತ್ತರ ಒಳಗಿರಬೇಕು, ದಾರಿಯ ಮೈ ಹೊರಬದಿಗೆ ನೂರಕ್ಕೆ ಐದರಷ್ಟು ವಾಲಿರಬೇಕು, ನಡುನಡುವೆ ತುಸು ಏರಿಸಿ ಇಳಿಸಿದರೆ ನೀರು ದಾರಿಯಲ್ಲೇ ಓಡದೆ ಪಕ್ಕಕ್ಕೆ ಹೊರಟುಹೋಗುತ್ತದೆ. ನಮ್ಮ ದಾರಿಯೋ ಗುಡ್ಡದಷ್ಟೇ ಕಡಿದಾಗಿ, ನೀರು ತಾನಾಗಿ ಹುಡುಕಿಕೊಳ್ಳುವ ಜಾಡಿನಲ್ಲೇ ನೇರ ಇಳಿಯುತ್ತದೆ. ಮೇಲಿನ ತಿರುವಿನಲ್ಲಿ ಎಲ್ಲರೂ ಹಿಂದಿನ ಬ್ರೇಕ್ ಒತ್ತುತ್ತಾರೆ; ಚಕ್ರ ಉರುಳದೆ ಜಾರಿದಾಗ ಹುಲ್ಲಿನ ಬುಡ ಕಿತ್ತುಬರುತ್ತದೆ. ಬುಡ ಹೋದ ಮೇಲೆ ಉಳಿಯುವುದು ಬಂಡೆಯ ಮೇಲಿನ ತೆಳು ಮಣ್ಣು, ಮೇಲೆ ಸುರಿಯುವುದು ಕುದುರೆಮುಖದ ಮಗ್ಗುಲಿನ ಮಳೆ, ಕೆಲವು ಕಡೆ ವರ್ಷಕ್ಕೆ 6000 ಮಿಲಿಮೀಟರ್ ದಾಟುವಂಥದ್ದು. ಇದನ್ನು ತಿಳಿಯಲು ವಿದೇಶದ ಪುಸ್ತಕವೂ ಬೇಕಿರಲಿಲ್ಲ. ನಿಮ್ಮಜ್ಜ ಕಾಫಿ ಸಾಲಿನ ನಡುವೆ ತೊಟ್ಟಿಲು ಗುಂಡಿ ತೆಗೆಸುತ್ತಿದ್ದದ್ದು ಇಳಿಯುವ ನೀರನ್ನು ತಡೆದು ನಿಲ್ಲಿಸುವುದಕ್ಕೇ. ಅದೇ ಗುಡ್ಡದ ಇನ್ನೊಂದು ಮಗ್ಗುಲಲ್ಲಿ ಹಳೆಯ ಹೇರೆತ್ತಿನ ದಾರಿ, ಅಂದರೆ ಸಾಮಾನು ಹೊರುವ ಎತ್ತುಗಳು ನಡೆಯುತ್ತಿದ್ದ ದಾರಿ, ಅಡ್ಡಡ್ಡ ಸುತ್ತಿ ಇಳಿಯುತ್ತದೆ. ಅದರ ಅಂಚು ಇವತ್ತಿಗೂ ಒಂದು ಕಡೆಯೂ ಕುಸಿದಿಲ್ಲ. ಬಾಲ್ಯದಿಂದ ಎರಡನ್ನೂ ನೋಡುತ್ತಾ ಬೆಳೆದವರು ನಾವು, ನೋಡಿದ್ದನ್ನು ಒಂದಕ್ಕೊಂದು ಹೊಂದಿಸಿ ಯೋಚಿಸಲಿಲ್ಲ.

ನನ್ನನ್ನು ಕಾಡುತ್ತಿರುವುದು ಇನ್ನೊಂದು. ಹೆಬ್ಬಾಳೆ ಸೇತುವೆ ಮುಳುಗಿದ ದಿನ ನಮಗೆ ಶಾಲೆಗೆ ರಜೆ ಸಿಗುತ್ತಿದ್ದ ಕಾಲದಲ್ಲಿ, ಭದ್ರೆಯ ಬಣ್ಣ ನೋಡಿ ದೊಡ್ಡವರು ಕುದುರೆಮುಖದ ಗಣಿಯನ್ನು ಶಪಿಸುತ್ತಿದ್ದರು. ಕಬ್ಬಿಣದ ಅದಿರಿಗಾಗಿ ಬೆಟ್ಟ ಬಗೆದ ಹೂಳು ನದಿಗೆ ಸೇರುತ್ತದೆ ಎಂಬ ವಾದ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2002ರಲ್ಲಿ ತೀರ್ಪು ಬಂದು, 2005ರ ಕೊನೆಗೆ ಗಣಿಗಾರಿಕೆ ನಿಂತಿತು. ತೀರ್ಪು ಬಂದಾಗ ನೀನೂ ನಾನೂ ಪಟಾಕಿ ಹೊಡೆದೆವು. ಗಣಿಗೂ ಒಂದು ಸೈಕಲ್ ದಾರಿಗೂ ಸಮನಲ್ಲ, ಆ ಹೋಲಿಕೆಯನ್ನು ನಾನು ಮಾಡುತ್ತಲೂ ಇಲ್ಲ. ಆದರೆ ಒರತೆಯಲ್ಲಿ ಕೈಯಿಟ್ಟಾಗ ಕಂಡ ಕೆಂಪು ನನಗೆ ಗುರುತಿನದು. ಅದು ಹಳ್ಳ ಸೇರಿ ಕೊನೆಗೆ ಹೋಗುವುದು ಭದ್ರೆಗೇ.

ಇಷ್ಟು ಬರೆದು ನಿಲ್ಲಿಸಬೇಕೆಂದಿದ್ದೆ. ನಿಲ್ಲಿಸಿದರೆ ಅರ್ಧ ಮಾತ್ರ ಹೇಳಿದಂತಾಗುತ್ತದೆ. ಆ ದಾರಿಯ ಜಿಪಿಎಸ್ ಗುರುತನ್ನು 2016ರಲ್ಲಿ ಅಂತರ್ಜಾಲಕ್ಕೆ ಹಾಕಿದವನು ನಾನೇ. ಬೇಡವೆಂದು ನೀನು ಹೇಳಿದ್ದೆ. ಯಾರೋ ಬೆಂಗಳೂರಿನವರು ಹಾಕಿದ್ದಾರೆಂದು ನಿನ್ನ ಹತ್ತಿರ ಸುಳ್ಳು ಹೇಳಿದ್ದೆ. ವಾರಾಂತ್ಯಕ್ಕೆ ಹತ್ತು ಹನ್ನೆರಡು ಸವಾರರು ಬರತೊಡಗಿದಾಗ ನನಗೆ ಹೆಮ್ಮೆಯೇ ಆಗಿತ್ತು. ಮತ್ತೂ ಒಂದು ಮಾತಿದೆ. 2018ರ ಮಳೆಗಾಲದ ನಂತರವೇ ಆ ದಾರಿಯನ್ನು ಹುಲ್ಲು ಮುಚ್ಚತೊಡಗಿತ್ತು. ಬಿಟ್ಟಿದ್ದರೆ ಗುಡ್ಡ ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳುತ್ತಿತ್ತು. ಆದರೆ ಪ್ರತಿ ದೀಪಾವಳಿಗೆ ಮೊದಲು ನಾನು ಕತ್ತಿ ಹಿಡಿದು ಹೋಗಿ ಹುಲ್ಲು ಸವರಿ, ಕಲ್ಲು ಎತ್ತಿ ಹಾಕಿ ದಾರಿ ತೆರೆಯುತ್ತಿದ್ದೆ. ಆ ಸವಾರರಿಗಾಗಿ ಅಲ್ಲ. ಮುಂದಿನ ದೀಪಾವಳಿಗೆ ಖಂಡಿತ ಬರುತ್ತೇನೆಂದು ನೀನು ಪ್ರತಿ ವರ್ಷ ಹೇಳುತ್ತಿದ್ದೆ, ಬಂದಾಗ ದಾರಿ ಮುಚ್ಚಿಹೋಗಿರಬಾರದು ಎಂಬುದಷ್ಟೇ ನನ್ನ ಮನಸ್ಸಿನಲ್ಲಿತ್ತು. ಇದನ್ನು ನಿನಗೆ ಯಾವತ್ತೂ ಹೇಳುವುದಿಲ್ಲ ಎಂದುಕೊಂಡಿದ್ದೆ.

ಇರಲಿ, ಮಳೆಗಾಲ ಮನುಷ್ಯನನ್ನು ಮಾತಿನ ಮಲ್ಲನನ್ನಾಗಿ ಮಾಡುತ್ತದೆ. ಆಗಬೇಕಾದ ಕೆಲಸ ಹೇಳುತ್ತೇನೆ. ಜೀಪಿನ ಹುಡುಗನ ಮನೆಗೆ ಹೋಗಿ ಕೇಳಬೇಕಾದ ಕ್ಷಮೆ ಕೇಳಿ ಬಂದೆ; ಅವನು ಕಾಫಿ ಕೊಟ್ಟ, ಗುಡ್ಡದ ಕೆಲಸಕ್ಕೆ ತಾನೂ ಬರುತ್ತೇನೆ ಎಂದ. ನಿಮ್ಮಮ್ಮನಿಗೂ ಎಲ್ಲ ಹೇಳಿದೆ. ಅವರು ಎರಡು ದಿನ ನನ್ನೊಡನೆ ಮಾತಾಡಲಿಲ್ಲ, ಮೂರನೆಯ ದಿನ ಪತ್ರೊಡೆ ಕಳಿಸಿದರು. ಅಂತರ್ಜಾಲದಲ್ಲಿದ್ದ ಗುರುತನ್ನು ಅಳಿಸಿದ್ದೇನೆ. ಅದನ್ನು ಇಳಿಸಿಕೊಂಡವರು ದಯವಿಟ್ಟು ಇನ್ನು ಆ ಗುಡ್ಡಕ್ಕೆ ಬರಬೇಡಿ. ಕಾಫಿ ಕೊಯ್ಲಿಗೆ ಮೊದಲು ಕೊರಕಲಿಗೆ ಹತ್ತು ಹೆಜ್ಜೆಗೊಂದರಂತೆ ಕಲ್ಲಿನ ತಡೆ ಕಟ್ಟಿ, ಸೊಪ್ಪುಸದೆ ತುಂಬಿ, ತೋಟದ ಬದುವಿನಿಂದ ಬೇರು ಸಮೇತ ಹುಲ್ಲಿನ ಹೆಂಟೆ ತಂದು ಕೂರಿಸಬೇಕು. ಹೇರೆತ್ತಿನ ದಾರಿ ಹಾದುಹೋಗುವ ತೋಟದವರನ್ನೂ ಕೇಳಿದ್ದೇನೆ. ಮಳೆಗಾಲ ಬಿಟ್ಟು ಉಳಿದ ದಿನಗಳಲ್ಲಿ, ಬ್ರೇಕ್ ಒತ್ತಿ ಜಾರಿಸದೆ, ನಾವಿಬ್ಬರು ಮಾತ್ರ ಓಡಿಸುವುದಾದರೆ ಅಡ್ಡಿಯಿಲ್ಲವಂತೆ. ಅದು ನಿಧಾನದ ದಾರಿ, ತಿರುವು ಹೆಚ್ಚು, ನಿನಗೆ ಹಿಡಿಸುತ್ತದೆ.

ನಿಮ್ಮಮ್ಮ ಜೀರಿಗೆ ಮಿಡಿಯ ಉಪ್ಪಿನಕಾಯಿ ಎರಡು ಭರಣಿ ಎತ್ತಿಟ್ಟಿದ್ದಾರೆ, ಒಂದರ ಮೇಲೆ ನಿನ್ನ ಹೆಸರಿನ ಚೀಟಿ ಅಂಟಿಸಿದೆ. ಬರುವಾಗ ಹಾರೆ ಗುದ್ದಲಿ ಏನೂ ತರಬೇಡ, ಇಲ್ಲಿವೆ. ಗೇಣಗಲದ ಗೆರೆಯನ್ನು ಹೊರಬದಿಗೆ ವಾಲಿಸಿ ಕಡಿಯುವುದು ಹೇಗೆಂದು ಕಲಿತಿದ್ದೀಯಲ್ಲ, ಆ ಕೈಯೊಂದನ್ನು ತಂದರೆ ಸಾಕು.

ಇಂತಿ ನಿನ್ನ,
ಹಿಂದಿನ ಬ್ರೇಕಿನವನು