ಅಟ್ಟದ ಮೇಲಿನ ಕೊಳಗ

ಈ ಸಲ ಊರಿಗೆ ಹೋದಾಗ ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯಲ್ಲಿರುವ ವಸ್ತುಸಂಗ್ರಹಾಲಯಕ್ಕೆ ಮಗಳನ್ನು ಕರೆದುಕೊಂಡು ಹೋಗಿದ್ದೆ. ದಪ್ಪ ಮರದ ಕಂಬಗಳ ದರ್ಬಾರಿಗಿಂತ ಅಂಗಳದ ವೀರಗಲ್ಲುಗಳೇ ಅವಳನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದವು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಮಡಿದವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತ ಅದೇ ವೀರ. ಕನ್ನಡ ಮಾತಾಡಬಲ್ಲ, ಓದಲಾರದ ಹುಡುಗಿ (ಊರು ಬಿಟ್ಟು ನೆಲೆಸಿದ ನಮ್ಮಲ್ಲಿ ಅನೇಕರ ಮನೆಯ ಕಥೆ ಇದೇ) ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ತಾನೇ ಓದಿ ಮುಗಿಸಿದಳು.

1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನನ್ನು ಮಲೆನಾಡು ನೆನೆಯುವುದು ಯುದ್ಧಕ್ಕಿಂತ ಹೆಚ್ಚಾಗಿ ‘ಶಿಸ್ತಿ’ಗೆ, ಅಂದರೆ ಭೂಮಿಯ ಫಲವತ್ತತೆ ನೋಡಿ, ವರ್ಗ ಮಾಡಿ, ಕಂದಾಯ ಗೊತ್ತುಪಡಿಸಿದ ಕ್ರಮಕ್ಕೆ. ಅವನ ವಂಶದ ಅರಸರ ಮೂಲಸ್ಥಾನವಾದ ಕೆಳದಿ ಇರುವ ಸಾಗರ ತಾಲ್ಲೂಕಿನಲ್ಲೇ, ಸುಮಾರು ಮುನ್ನೂರು ವರ್ಷಗಳ ಬಳಿಕ, 1951ರಲ್ಲಿ, ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕಿಳಿದರು; ಗೇಣಿ ಭತ್ತ ಅಳೆಯುವ ಕೊಳಗ ನ್ಯಾಯವಾದ ಅಳತೆಗಿಂತ ದೊಡ್ಡದು ಎಂಬುದು ಅವರ ಮುಖ್ಯ ದೂರಾಗಿತ್ತು. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಆ ಹೋರಾಟಕ್ಕೆ ಧುಮುಕಿದರು, ಸಮಾಜವಾದಿಗಳ ರಾಷ್ಟ್ರೀಯ ನಾಯಕ ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಅರಸನ ಅಳತೆಗೆ ಅರಮನೆಯೇ ಸಾಕ್ಷಿ ನಿಂತಿದೆ. ಒಕ್ಕಲಿನ ಅಳತೆಗೆ ಸಾಕ್ಷಿಯಾಗಬೇಕಾದ ಕೊಳಗಗಳು ಮಾತ್ರ ನಮ್ಮ ನಮ್ಮ ಮನೆಯ ಅಟ್ಟದಲ್ಲಿ ಹೊಗೆ ಹಿಡಿದು ಕೂತಿವೆ.

ನಮ್ಮ ಮನೆಯಲ್ಲಿ ಎರಡಿದ್ದವು. ಹಿತ್ತಾಳೆ ಪಟ್ಟಿ ಬಿಗಿದದ್ದನ್ನು ಹಂಚು ತೆಗೆಸಿ ತಾರಸಿ ಹಾಕಿಸಿದ ವರ್ಷ ಗುಜರಿಯವನಿಗೆ ಕೊಟ್ಟುಬಿಟ್ಟೆವು. ಕೊಡಿ ಎಂದು ಫೋನಿನಲ್ಲಿ ಒಪ್ಪಿಗೆ ಕೊಟ್ಟವನು ನಾನೇ. ಉಳಿದದ್ದು ಬರೀ ಮರದ್ದು. ಅದರ ಅಂಚು ಒಂದು ಕಡೆ ಮಾತ್ರ ಸವೆದಿದೆ. ಭತ್ತವನ್ನು ತಲೆಕಟ್ಟಿ ಅಳೆಯುತ್ತಿದ್ದರೋ, ಮಟ್ಟಸವಾಗಿ ಸವರುತ್ತಿದ್ದರೋ ಎಂದು ಚಿಕ್ಕಪ್ಪನನ್ನು ಕೇಳಿದೆ. “ಯಾರು ಕೊಡೋದು, ಯಾರು ತಗಳೋದು ಅನ್ನೋದ್ರ ಮೇಲೆ ಮಾರಾಯ” ಎಂದು ನಕ್ಕರು.

ಡಿಸೆಂಬರ್ ರಜೆಗೆ ಊರಿಗೆ ಹೊರಡುವ ನಮ್ಮ ಸಂಘದ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೇ: ಅಟ್ಟ ಹತ್ತಿ, ಸಿಕ್ಕಿದ ವಸ್ತುವಿನ ಫೋಟೊ ತೆಗೆಯಿರಿ, ಅದನ್ನು ಬಳಸುತ್ತಿದ್ದವರು ಯಾರು, ಯಾವುದಕ್ಕೆ ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಬರೆದುಕೊಳ್ಳಿ. ಹೆಸರಿಲ್ಲದ ಹಳೇ ಪಾತ್ರೆಯನ್ನು ಯಾವ ವಸ್ತುಸಂಗ್ರಹಾಲಯಕ್ಕೆ ಕೊಟ್ಟರೂ ಅದು ಹಳೇ ಪಾತ್ರೆಯೇ. ಚಿಕ್ಕಪ್ಪ ಹೇಳಿ ಬರೆಸಿದ್ದು ಒಂದೂವರೆ ಪುಟವಾಗಿದೆ. ಮುಂದಿನ ಸಂಚಿಕೆಯಲ್ಲಿ ಅದನ್ನೇ ಮೊದಲು ಅಚ್ಚು ಹಾಕುತ್ತೇವೆ.