ಬಿಲ್ಲೆಯ ಲೆಕ್ಕ: ಗೆಳೆಯನಿಗೊಂದು ಪತ್ರ

ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಒಂದೇ ಮಾತಿಗೆ ಮುಗಿಸಿಬಿಟ್ಟೆ. "ಕಲ್ಲಿದ್ದಲು ಗಣಿ ಮುಚ್ಚಲಿ, ಅವರಿಗೆಲ್ಲ ಸೋಲಾರ್ ತರಬೇತಿ ಕೊಟ್ಟರಾಯ್ತು" ಅಂದೆ. ನಾನೂ ಹೂಂ ಅಂದುಬಿಟ್ಟೆ. ಒಪ್ಪಿದ್ದಲ್ಲ, ಮಾತು ಬೆಳೆಸೋಕೆ ಆಗ ಪುರುಸೊತ್ತಿರಲಿಲ್ಲ ಅಷ್ಟೆ.

ಕಲ್ಲಿದ್ದಲು ನಿಲ್ಲಬೇಕು ಅನ್ನೋದರಲ್ಲಿ ನಮ್ಮಿಬ್ಬರಿಗೂ ಜಗಳವಿಲ್ಲ. ಆದರೆ ಸೋಲಾರ್ ಪಾರ್ಕ್ ಕಟ್ಟುವಾಗ ಜನ ಬೇಕು, ಕಟ್ಟಿದ ಮೇಲೆ ಕೆಲವೇ ಜನ ಸಾಕು. ಅದೂ ಬಿಸಿಲು, ಜಾಗ ಸಿಗುವ ಕಡೆ; ಗಣಿ ಇರುವ ಕಡೆಯೇ ಆಗಬೇಕೆಂದಿಲ್ಲ. ಐವತ್ತು ದಾಟಿದವನು ಮನೆಮಠ ಬಿಟ್ಟು ಇನ್ನೆಲ್ಲೋ ಮೊದಲಿಂದ ಶುರುಮಾಡೋದು ಸುಮ್ನೆ ಮಾತಾ?

ನೆಲದಡಿಯ ಗಣಿಗಳಲ್ಲಿ ಒಂದು ಹಳೆಯ ಪದ್ಧತಿ ಇದೆ. ಪಾಳಿಗೆ ಇಳಿಯುವ ಪ್ರತಿಯೊಬ್ಬನಿಗೂ ನಂಬರ್ ಕೊರೆದ ಒಂದು ಲೋಹದ ಬಿಲ್ಲೆ. ಅದನ್ನು ಹಲಗೆಗೆ ತಗುಲಿಸಿ, ತಲೆಗೆ ದೀಪ ಸಿಕ್ಕಿಸಿಕೊಂಡು ಇಳಿಯಬೇಕು. ಮೇಲೆ ಬಂದಾಗ ಬಿಲ್ಲೆ ತೆಗೆಯಬೇಕು. ಪಾಳಿ ಮುಗಿದ ಮೇಲೂ ಒಂದು ಬಿಲ್ಲೆ ನೇತಾಡುತ್ತಿದ್ದರೆ ಯಾರೋ ಇನ್ನೂ ಕೆಳಗಿದ್ದಾರೆ ಅಂತ ಲೆಕ್ಕ. ಹುಡುಕೋಕೆ ಇಳೀತಾರೆ. ಅವನು ಕಾಯಂ ನೌಕರನಾ, ಗುತ್ತಿಗೆಯವನಾ ಅಂತ ಆಗ ಯಾರೂ ಕೇಳೋದಿಲ್ಲ.

ಗಣಿ ಮುಚ್ಚುವಾಗ ಅದೇ ಮೊದಲ ಪ್ರಶ್ನೆ! ಕಾಯಂ ಇದ್ದವನಿಗೆ ಪರಿಹಾರವೋ, ಪಿಂಚಣಿಯೋ ಏನೋ ಒಂದು ಸಿಕ್ಕೀತು. ಗುತ್ತಿಗೆಯವನಿಗೆ "ನಾಳೆಯಿಂದ ಬರಬೇಡ" ಅಂದರೆ ಮುಗೀತು. ಕಲ್ಲಿದ್ದಲು ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಕೆಲಸ ಬಿಟ್ಟು ಎಷ್ಟೋ ವರ್ಷಕ್ಕೂ ಕಾಣಿಸಿಕೊಳ್ಳಬಹುದು. ಆಗ ಅವನು ಯಾರ ಬಾಗಿಲು ತಟ್ಟಬೇಕು? ಗಣಿ ಇಲ್ಲ, ಕಾಂಟ್ರಾಕ್ಟರ್ ಇಲ್ಲ, ಅಲ್ಲಿ ದುಡಿದೆ ಅನ್ನೋಕೆ ಕೈಯಲ್ಲಿ ಒಂದು ಚೀಟಿಯೂ ಇಲ್ಲ.

ಸಮಯ ಕೊಟ್ಟರೆ ದಾರಿ ಇದೆ. ಜರ್ಮನಿ 2018ಕ್ಕೆ ಗಟ್ಟಿ ಕಲ್ಲಿದ್ದಲು ಗಣಿಗಳನ್ನು ನಿಲ್ಲಿಸುವುದೆಂದು 2007ರಲ್ಲೇ ತೀರ್ಮಾನಿಸಿತು. ಅಲ್ಲಿನ ಬೊಟ್ರೊಪ್ ಊರಿನಲ್ಲಿದ್ದ, ದೇಶದ ಕೊನೆಯ ಅಂಥ ಗಣಿ ಮುಚ್ಚಿದ್ದು 2018ರ ಡಿಸೆಂಬರ್ 21ರಂದು. ನಡುವಿನ ಹನ್ನೊಂದು ವರ್ಷದಲ್ಲಿ ವಯಸ್ಸಾದವರು ಬೇಗ ನಿವೃತ್ತರಾದರು, ಉಳಿದವರು ಬೇರೆ ಕೆಲಸಕ್ಕೆ ಹೋದರು. ಆಸ್ಟ್ರೇಲಿಯಾದ ಹೇಝಲ್‌ವುಡ್ ನೋಡು. ವಿದ್ಯುತ್ ಸ್ಥಾವರ, ಗಣಿ ಎರಡೂ ಮುಚ್ಚುತ್ತವೆ ಅಂತ 2016ರ ನವೆಂಬರಿನಲ್ಲಿ ಹೇಳಿದರು, 2017ರ ಮಾರ್ಚಿಗೆ ಬಾಗಿಲು ಹಾಕಿದರು. ಐದೇ ತಿಂಗಳು! ಅಷ್ಟರಲ್ಲಿ ಮಕ್ಕಳ ಒಂದು ಶಾಲಾ ವರ್ಷವೂ ಮುಗಿಯೋದಿಲ್ಲ.

ಹವಾಮಾನ ಬದಲಾವಣೆ ಕುರಿತ 2015ರ ಪ್ಯಾರಿಸ್ ಒಪ್ಪಂದದ ಪೀಠಿಕೆಯಲ್ಲೂ ಕಾರ್ಮಿಕರಿಗೆ ನ್ಯಾಯವಾದ ಬದಲಾವಣೆ ಸಿಗಬೇಕು ಅನ್ನುವ ಮಾತಿದೆ. ಪೀಠಿಕೆ ತೋರಿಸಿದರೆ ಅಂಗಡಿಯವನು ಅಕ್ಕಿ ಕೊಡೋದಿಲ್ಲ, ಅಲ್ವಾ?

ನೀನು ತರಬೇತಿ ಯೋಜನೆ ಬರೆಯುವವರ ಜೊತೆ ಕೂರುತ್ತೀಯಲ್ಲ, ಕೋರ್ಸಿನ ಹೆಸರು ಆಮೇಲೆ ಹುಡುಕಿ. ಮೊದಲು ಆ ಗೇಟಿನೊಳಗೆ ದುಡಿಯುವ ಎಲ್ಲರ ಹೆಸರು ಬರೆಸು. ಲೋಡ್ ತುಂಬುವವನು, ಲಾರಿ ಓಡಿಸುವವನು, ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವವಳು ಎಲ್ಲರೂ ಇರಲಿ. ಎಷ್ಟು ವರ್ಷ ದುಡಿದರು ಅನ್ನೋದನ್ನೂ ಪಕ್ಕದಲ್ಲೇ ಬರೆದು, ಅವರ ಕೈಗೂ ಒಂದು ಪ್ರತಿ ಕೊಡಿಸು.

ಭಾನುವಾರ ಫೋನ್ ಮಾಡು. ಈ ಸಲ ಹೂಂ ಅನ್ನೋದಿಲ್ಲ.

ನಿನ್ನ ಗೆಳೆಯ