ಪುಟ್ಟಿಯನ್ನು ಮಕ್ಕಳ ಗ್ರಾಮ ಸಭೆಗೆ ಕಳಿಸು ಮಾರಾಯ

ಗೆಳೆಯ,

ನಿನ್ನ ಮಗಳು ಪುಟ್ಟಿ ಮಕ್ಕಳ ಗ್ರಾಮ ಸಭೆಗೆ, ಅಂದರೆ ಮಕ್ಕಳೇ ಪಂಚಾಯಿತಿಯವರನ್ನು ಪ್ರಶ್ನೆ ಕೇಳುವ ಸಭೆಗೆ, ಯಾಕೆ ಹೋಗಬೇಕು ಎಂದು ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅರ್ಧ ಉತ್ತರ ಕೊಟ್ಟೆ, ಅಷ್ಟರಲ್ಲಿ ಕ್ಲಾಸಿನ ಬೆಲ್ ಹೊಡೆಯಿತು. "ಒಂಬತ್ತನೇ ಕ್ಲಾಸಿನ ಹುಡುಗಿಗೆ ಪಂಚಾಯಿತಿ ಉಸಾಬರಿ ಯಾಕೋ? ಪರಿಸರ ಅಂದರೆ ಗಿಡ ನೆಡಿಸು, ಸಾಕು" ಅಂದೆಯಲ್ಲ, ಆ ಮಾತು ಆಮೇಲೂ ತಲೆಯಲ್ಲಿ ಕೊರೆಯುತ್ತಿತ್ತು. ಇದೇ ಮಾತನ್ನು ಇನ್ನೂ ಕೆಲವು ಅಪ್ಪ ಅಮ್ಮಂದಿರು ನನ್ನ ಹತ್ತಿರ ಹೇಳಿದ್ದಾರೆ. ಅದಕ್ಕೇ ಈ ಪತ್ರವನ್ನು ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ. ನಿನ್ನ ಹೆಸರು, ಊರ ಹೆಸರು ಎಲ್ಲೂ ಬರೆದಿಲ್ಲ, ಯೋಚನೆ ಮಾಡಬೇಡ.

ಗಿಡ ನೆಡಿಸುತ್ತೇವೆ ಕಣೋ. ಪ್ರತಿ ಜೂನ್ 5ಕ್ಕೆ ನೆಡಿಸುತ್ತೇವೆ. ಆದರೆ ನಮ್ಮ ಮೂಡಿಗೆರೆ ಕಡೆ ಮಳೆಗಾಲದಲ್ಲಿ ಬೇಲಿಗೆ ನೆಟ್ಟ ಕೋಲೂ ಚಿಗುರುತ್ತದೆ. ಗಿಡ ನೆಟ್ಟು, ಫೋಟೊ ತೆಗೆದು, ಲಾಡು ಕೊಟ್ಟು ಕಳಿಸಿದರೆ ಮಕ್ಕಳು ಏನು ಕಲಿತ ಹಾಗಾಯಿತು? ಅವರು ದಿನಾ ದಾಟಿಕೊಂಡು ಬರುವ ಹಳ್ಳದ ನೀರು ಕಪ್ಪಾಗಿ ನಾರುತ್ತಿದ್ದರೆ, ಅದರ ಬಗ್ಗೆ ಯಾರನ್ನು ಕೇಳಬೇಕು ಅನ್ನುವುದೇ ಗೊತ್ತಿಲ್ಲದಿದ್ದರೆ?

ಹಳ್ಳದ ಕತೆ ನಿನಗೆ ಪುಟ್ಟಿ ಪೂರ್ತಿ ಹೇಳಿಲ್ಲ ಅನಿಸುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಹಣ್ಣಿನ ಪಲ್ಪಿಂಗ್, ಅಂದರೆ ಪಲ್ಪರ್ ಯಂತ್ರದಲ್ಲಿ ಸಿಪ್ಪೆ ಬಿಡಿಸುವ ಕೆಲಸ, ಜೋರು. ಹಣ್ಣಿನ ಸಿಪ್ಪೆ, ಬೀಜದ ಮೇಲಿನ ಲೋಳೆ ಎಲ್ಲ ತೊಳೆದ ನೀರು ಹಳ್ಳಕ್ಕೆ ಬಿದ್ದರೆ ಅದರಲ್ಲಿರುವ ಸಕ್ಕರೆ ಕೊಳೆಯುತ್ತದೆ, ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ತಿಂದುಬಿಡುತ್ತದೆ, ಮೀನು ಬಾಯಿ ಬಿಡುತ್ತಾ ಮೇಲೆ ಬರುತ್ತವೆ, ಆಮೇಲೆ ಸಾಯುತ್ತವೆ. ಹಳ್ಳದಲ್ಲಿ ನೀರು ಇಳಿಯುವುದೂ ಅದೇ ತಿಂಗಳುಗಳಲ್ಲಿ. ಇದನ್ನು ನಾನು ಪಾಠ ಮಾಡಿ ಹೇಳಿದ್ದಲ್ಲ. ನಿನ್ನ ಮಗಳು ಮತ್ತೆ ಅವಳ ಜೊತೆಯವರು ಪಲ್ಪರ್‌ಗಳಿಗಿಂತ ಮೇಲ್ಗಡೆ ಒಂದು ಕಡೆ, ಕೆಳಗಡೆ ಒಂದು ಕಡೆ ನೀರು ತುಂಬಿಕೊಂಡು ಬಂದರು. ಲ್ಯಾಬಿನ ಪಿಎಚ್ ಕಾಗದ ಅದ್ದಿದರೆ ಕೆಳಗಿನ ನೀರು ಹುಳಿ ಎಂದು ತೋರಿಸಿತು. ಕಲ್ಲು ಮಗುಚಿ ನೋಡಿದರು. ಮೇಲ್ಗಡೆ ಕಲ್ಲಿನಡಿ ಸ್ವಚ್ಛ ನೀರಿನಲ್ಲಿ ಮಾತ್ರ ಬದುಕುವ ಪುಟ್ಟ ಹುಳುಗಳು, ಏಡಿ ಮರಿ. ಕೆಳಗಡೆ ಬರೀ ಕೆಂಪು ಹುಳ, ಲೋಳೆ. ಎಲ್ಲವನ್ನೂ ದಿನಾಂಕ ಹಾಕಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ. ಆ ನೋಟ್‌ಬುಕ್ ಇಟ್ಟುಕೊಂಡು ಈಗ ಮಕ್ಕಳ ಗ್ರಾಮ ಸಭೆಯಲ್ಲಿ ಮಾತಾಡುತ್ತೇವೆ ಅನ್ನುತ್ತಿದ್ದಾರೆ.

ನಿನಗೆ ಓದಿನ ಚಿಂತೆಗಿಂತ ಜಾಸ್ತಿ ಇರುವುದು ಬೇರೆ ಚಿಂತೆ, ಅಲ್ವಾ? ನಿಮ್ಮಣ್ಣನ ಪಲ್ಪರ್ ನೀರೂ ಅದೇ ಹಳ್ಳಕ್ಕೆ ಸೇರುತ್ತದೆ. ನೇರವಾಗಿಯೇ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಮಕ್ಕಳು ಯಾರ ತೋಟದ ಹೆಸರನ್ನೂ ಎತ್ತುವುದಿಲ್ಲ, ಅದನ್ನು ಅವರೇ ಕೂತು ತೀರ್ಮಾನ ಮಾಡಿದ್ದಾರೆ. ಅವರು ಕೇಳುವುದು ಇಷ್ಟೇ. ಪಲ್ಪರ್ ನೀರನ್ನು ಗುಂಡಿಯಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿ ಕಳೆದು, ಹೊಂಡಗಳಲ್ಲಿ ತಿಳಿಯಾದ ಮೇಲೇ ಬಿಡಬೇಕು ಎಂದು ಕಾಫಿ ಬೋರ್ಡೇ ಹೇಳುತ್ತದೆ, ನಮ್ಮೂರಿನಲ್ಲಿ ಹಾಗೆ ಆಗುತ್ತಿದೆಯಾ? ಆಗದಿದ್ದರೆ ಸಣ್ಣ ಬೆಳೆಗಾರರಿಗೆ ಪಂಚಾಯಿತಿ ಏನು ಸಹಾಯ ಮಾಡುತ್ತದೆ? ಇದರಲ್ಲಿ ನಿಮ್ಮಣ್ಣನಿಗೆ ವಿರೋಧ ಎಲ್ಲಿದೆ ಹೇಳು. ಹೊಂಡ ತೋಡಲು ಜಾಗ, ದುಡ್ಡು ಎರಡೂ ಇಲ್ಲದೆ ಒದ್ದಾಡುತ್ತಿರುವವರಲ್ಲಿ ಅವರೂ ಒಬ್ಬರು.

ಈಗ ಸಭೆಯ ವಿಷಯ. ಗ್ರಾಮ ಸಭೆಗೆ ಮತದಾರರ ಪಟ್ಟಿಯಲ್ಲಿ ಹೆಸರಿರುವವರು ಮಾತ್ರ ಸದಸ್ಯರು. ಅಂದರೆ 18 ತುಂಬಿರಬೇಕು. ಪಂಚಾಯಿತಿ ಚುನಾವಣೆಗೆ ನಿಲ್ಲಲು 21 ಆಗಬೇಕು. ಅಲ್ಲಿವರೆಗೆ ಮಕ್ಕಳು ಬಾಯಿ ಮುಚ್ಚಿಕೊಂಡು ಇರಬೇಕಾ? ಕರಾವಳಿಯ ಕುಂದಾಪುರದ ಕಡೆ 1990ರ ದಶಕದಲ್ಲೇ ಮಕ್ಕಳು ತಮ್ಮದೇ ಪಂಚಾಯಿತಿ ಕಟ್ಟಿಕೊಂಡು ಕಾಲುಸಂಕ, ನೀರು, ಶಾಲೆ ದಾರಿ ಅಂತ ದೊಡ್ಡವರ ಮುಂದೆ ಬೇಡಿಕೆ ಇಟ್ಟವರು. ಆಮೇಲೆ ರಾಜ್ಯದಾದ್ಯಂತ ಪಂಚಾಯಿತಿಗಳು ಮಕ್ಕಳ ಗ್ರಾಮ ಸಭೆ ಮಾಡಬೇಕು ಎಂದು ಸರ್ಕಾರವೇ ಆದೇಶ ಮಾಡಿತು. ಸಾಮಾನ್ಯವಾಗಿ ನವೆಂಬರ್ ಆಸುಪಾಸಿನಲ್ಲಿ ನಡೆಯುತ್ತದೆ.

ನಡೆಯುತ್ತದೆ ನಿಜ, ಆದರೆ ಹೇಗೆ? ನಾನು ಕಂಡ ಒಂದು ಸಭೆಯಲ್ಲಿ ಸ್ವಾಗತ, ಹಾರ, ಭಾಷಣದಲ್ಲೇ ಹೊತ್ತು ಹೋಯಿತು. ಕೊನೆಗೆ ಒಬ್ಬ ಹುಡುಗ ಎದ್ದು ಕಸದ ಗಾಡಿ ನಮ್ಮ ಕೇರಿಗೆ ಯಾಕೆ ಬರುವುದಿಲ್ಲ ಎಂದು ಕೇಳಿದ, "ಗಮನಕ್ಕೆ ತೆಗೆದುಕೊಳ್ಳುತ್ತೇವೆ" ಅಂದರು, ಮುಗಿಯಿತು. ಆ ಹುಡುಗನ ಮುಖ ನೋಡಿ ನನಗೆ ಹೊಟ್ಟೆ ಉರಿಯಿತು. ಅವನು ಮತ್ತೆ ಯಾವ ಸಭೆಯಲ್ಲಿ ಬಾಯಿ ಬಿಡುತ್ತಾನೆ?

ಅದಕ್ಕೆ ಈ ಸಲ ನಮ್ಮ ಮಕ್ಕಳು ಒಂದೇ ಪಟ್ಟು ಹಿಡಿದಿದ್ದಾರೆ. ಕೇಳಿದ ಪ್ರಶ್ನೆ ನಡಾವಳಿ ಪುಸ್ತಕದಲ್ಲಿ ಬರೆದಾಗಬೇಕು. ಯಾವುದಕ್ಕೆ ಏನು ಕ್ರಮ ಆಯಿತು, ಆಗದಿದ್ದರೆ ಯಾಕೆ ಆಗಲಿಲ್ಲ ಎಂದು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಸಹಿ ಹಾಕಿದ ಉತ್ತರ ಶಾಲೆಗೆ ಬರಬೇಕು. ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ. 2005ರ ಆ ಕಾಯ್ದೆ ಕೇಳುವುದು ನಾಗರಿಕನೋ ಅಲ್ಲವೋ ಎಂದು, ವಯಸ್ಸನ್ನಲ್ಲ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ಅರ್ಜಿ ಬರೆಯುವುದನ್ನು ನಾನು ಕನ್ನಡ ಪೀರಿಯಡ್ಡಿನಲ್ಲೇ ಹೇಳಿಕೊಟ್ಟಿದ್ದೇನೆ. ಪತ್ರಲೇಖನ ಹೇಗೂ ಪರೀಕ್ಷೆಗೆ ಬರುತ್ತದೆ.

ಇನ್ನೊಂದು ಕೆಲಸವೂ ಇದೆ. ಅದು ನಿಮ್ಮ ಅಮ್ಮನಿಗೆ ಖುಷಿಯಾಗುವಂಥದ್ದು. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಮೀನು, ಹಕ್ಕಿ, ಔಷಧಿ ಬೇರು ಎಲ್ಲದರ ದಾಖಲೆ ಪುಸ್ತಕ ಇರಬೇಕು. ಎಷ್ಟೋ ಕಡೆ ಅದು ಯಾರೂ ಬಿಚ್ಚದ ಫೈಲು. ಮಕ್ಕಳು ಅಜ್ಜಿಯಂದಿರ ಹತ್ತಿರ ಕೂತು ಯಾವ ಅಣಬೆ ತಿನ್ನಬಹುದು, ಕಳಲೆ ಯಾವಾಗ ಕಡಿಯಬೇಕು, ಮರಕೆಸ ಎಲ್ಲಿ ಸಿಗುತ್ತದೆ, ಹಳ್ಳದಲ್ಲಿ ಮೊದಲು ಯಾವ ಮೀನು ಇದ್ದವು ಎಂದು ಬರೆದುಕೊಳ್ಳುತ್ತಿದ್ದಾರೆ. ನಿಮ್ಮ ಅಮ್ಮ ಹೇಳಿದ ಮೀನಿನ ಹೆಸರುಗಳಲ್ಲಿ ಅರ್ಧದಷ್ಟು ನನಗೇ ಗೊತ್ತಿರಲಿಲ್ಲ.

ಕುದುರೆಮುಖದ ಕಬ್ಬಿಣದ ಅದಿರಿನ ಗಣಿ ನೆನಪಿದೆಯಾ? ಭದ್ರೆಗೆ ಗಣಿಯ ಕೆಸರು ಸೇರುವುದನ್ನು ತಡೆಯಲು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. 2002ರಲ್ಲಿ ತೀರ್ಪು ಬಂತು, ಗಣಿ ನಿಲ್ಲುವಾಗ 2005 ಮುಗಿದಿತ್ತು. ನಮ್ಮ ಹಳ್ಳಕ್ಕೆ ಕೋರ್ಟು ಬೇಡ ಕಣೋ. ಪಂಚಾಯಿತಿ ಕಟ್ಟೆಯಲ್ಲೇ ಮುಗಿಯುವ ವಿಷಯ ಇದು, ಈಗಲೇ ಮಾತಾಡಿದರೆ. ಈ ನೀರು ಹೇಮಾವತಿಗೆ ಸೇರಿ, ಸಕಲೇಶಪುರ ದಾಟಿ, ಗೊರೂರು ಅಣೆಕಟ್ಟಿಗೆ ಬರುತ್ತದೆ. ಹಾಸನದಲ್ಲಿ ನಿಮ್ಮ ಮನೆ ನಲ್ಲಿಯಲ್ಲಿ ಬರುವುದೂ ಅದೇ ಹೇಮಾವತಿ.

ಓದಿನ ವಿಷಯಕ್ಕೆ ಹೆದರಬೇಡ. ಹಳ್ಳಕ್ಕೆ ಹೋಗುವುದು ಶನಿವಾರ ಮಧ್ಯಾಹ್ನ ಮಾತ್ರ, ಜೊತೆಗೆ ನಾನೋ ವಿಜ್ಞಾನದ ಮೇಡಮ್ಮೋ ಇದ್ದೇ ಇರುತ್ತೇವೆ. ಪರೀಕ್ಷೆ ಹತ್ತಿರ ಬಂದಾಗ ನಿಲ್ಲಿಸುತ್ತೇವೆ.

ಒಪ್ಪಿಗೆ ಪತ್ರಕ್ಕೆ ನಿನ್ನ ಸಹಿ ಬೇಕು, ಅಜ್ಜಿಯ ಸಹಿ ನಡೆಯುವುದಿಲ್ಲ. ಈ ಭಾನುವಾರ ಊರಿಗೆ ಬಂದಾಗ ಹಾಕಿಕೊಡು. ಹಾಗೇ ನಿಮ್ಮಣ್ಣನ ಹತ್ತಿರ ಮೊದಲು ನೀನೇ ಒಂದು ಮಾತು ಆಡು, ಸಭೆಯಲ್ಲಿ ಕೇಳುವುದಕ್ಕಿಂತ ಮುಂಚೆ ಅವರಿಗೆ ಗೊತ್ತಿರಲಿ. ಬೇಕಿದ್ದರೆ ನಾನೂ ಜೊತೆಗೆ ಬರುತ್ತೇನೆ.

ನಿನ್ನ ಗೆಳೆಯ,
ಕನ್ನಡ ಮೇಷ್ಟ್ರು